ಪಾರ್ಶ್ವವಾಯು ರೋಗಿಗೆ ಹತ್ತು ನಿಮಿಷದೊಳಗೆ ಎಂಆರ್‌ಐ: ಆಸ್ಪತ್ರೆಯ ತಂಡಕ್ಕೊಂದು ಮಾರ್ಗದರ್ಶಿ

ಮೆದುಳಿನ ದೊಡ್ಡ ರಕ್ತನಾಳವೊಂದು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋದರೆ, ಚಿಕಿತ್ಸೆಯಿಲ್ಲದೆ ಕಳೆಯುವ ಒಂದೊಂದು ನಿಮಿಷಕ್ಕೂ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆ ಎಂದು 2006ರಲ್ಲಿ ಪ್ರಕಟವಾದ ಅಂದಾಜೊಂದು ಹೇಳುತ್ತದೆ. ಈ ಲೆಕ್ಕವನ್ನು ಮುಂದಿಟ್ಟುಕೊಂಡೇ ಬಹುತೇಕ ಆಸ್ಪತ್ರೆಗಳು ಪಾರ್ಶ್ವವಾಯು ರೋಗಿಯನ್ನು ನೇರವಾಗಿ ಸಿಟಿ ಸ್ಕ್ಯಾನ್‌ಗೆ ಕಳುಹಿಸುತ್ತವೆ. ಎಂಆರ್‌ಐ ಅರ್ಧ ಗಂಟೆಯ ಬಾಬ್ತು, ತುರ್ತಿಗೆ ಒದಗುವಂಥದ್ದಲ್ಲ ಎಂಬ ಭಾವನೆ ಬೇರೂರಿದೆ. ವಾಸ್ತವದಲ್ಲಿ ಆ ಅರ್ಧ ಗಂಟೆ, ತಲೆನೋವಿಗೋ ಗೆಡ್ಡೆಯ ಶಂಕೆಗೋ ಹೊರರೋಗಿಗಳಿಗೆ ಮಾಡುವ ಪೂರ್ಣ ಪರೀಕ್ಷೆಯ ಅವಧಿ. ಅದನ್ನೇ ಪಾರ್ಶ್ವವಾಯು ರೋಗಿಗೂ ಹಚ್ಚಿದರೆ ತಡವಾಗುವುದು ಸಹಜ. 2014ರಲ್ಲೇ ಆರು ನಿಮಿಷಗಳ ಸಂಪೂರ್ಣ ಪಾರ್ಶ್ವವಾಯು ಪ್ರೋಟೋಕಾಲ್ (ಯಾವ ಚಿತ್ರಗಳನ್ನು ಯಾವ ಕ್ರಮದಲ್ಲಿ ತೆಗೆಯಬೇಕೆಂಬ ನಿಗದಿತ ಪಟ್ಟಿ) ಪ್ರಕಟವಾಗಿದೆ. ಅದರಲ್ಲಿ ರಕ್ತನಾಳಗಳ ಚಿತ್ರವೂ ರಕ್ತಸಂಚಾರದ ನಕ್ಷೆಯೂ ಸೇರಿದ್ದವು.

ಹೀಗಾಗಿ ಯಂತ್ರದೊಳಗಿನ ಸಮಯವನ್ನು ಕಡಿತಗೊಳಿಸುವುದು ಬಹುಮಟ್ಟಿಗೆ ಬಗೆಹರಿದ ಪ್ರಶ್ನೆ. ಉಳಿದಿರುವ ತೊಡಕು ಎರಡು ಕಡೆ ಇದೆ: ರೋಗಿ ಯಂತ್ರದ ಮೇಜಿನ ಮೇಲೆ ಮಲಗುವವರೆಗಿನ ಓಡಾಟದಲ್ಲಿ, ಮತ್ತು ಯಾವ ಚಿತ್ರವನ್ನು ಯಾವ ಕ್ರಮದಲ್ಲಿ ತೆಗೆಯಬೇಕೆಂಬ ತೀರ್ಮಾನದಲ್ಲಿ. ತುರ್ತು ವಿಭಾಗದ ವೈದ್ಯರು, ನರ್ಸ್‌ಗಳು, ಎಂಆರ್‌ಐ ತಂತ್ರಜ್ಞರು ಮತ್ತು ರೇಡಿಯಾಲಜಿಸ್ಟರು ಒಟ್ಟಾಗಿ ಕುಳಿತು ತಮ್ಮಲ್ಲಿ ಇಂಥ ವ್ಯವಸ್ಥೆ ರೂಪಿಸಿಕೊಳ್ಳಲು ನೆರವಾಗಲೆಂದು ಈ ಬರಹ. ಒಬ್ಬೊಬ್ಬ ರೋಗಿಯ ಚಿಕಿತ್ಸೆಯ ನಿರ್ಧಾರ ಅವರನ್ನು ನೋಡುತ್ತಿರುವ ವೈದ್ಯರದ್ದೇ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮೊದಲ ಹಂತ: ಯಾರಿಗೆ ಎಂಆರ್‌ಐ, ಯಾರಿಗೆ ಸಿಟಿ

ಎಂಆರ್‌ಐ ಯಂತ್ರ ತುರ್ತು ವಿಭಾಗದಿಂದ ದೂರವಿದ್ದರೆ, ರಾತ್ರಿ ತಂತ್ರಜ್ಞರು ಮನೆಯಿಂದ ಬರಬೇಕಾದರೆ, ರೋಗಿಯ ಉಸಿರಾಟ ಅಸ್ಥಿರವಾಗಿದ್ದರೆ ಅಥವಾ ಹೃದಯದಲ್ಲಿ ಪೇಸ್‌ಮೇಕರ್ ಇದ್ದರೆ ಚರ್ಚೆಗೆ ಅವಕಾಶ ಕೊಡದೆ ಸಿಟಿಗೆ ಕರೆದೊಯ್ಯಬೇಕು. ಈಚಿನ ಪೇಸ್‌ಮೇಕರ್‌ಗಳಲ್ಲಿ ಹಲವು ಷರತ್ತಿನ ಮೇಲೆ ಎಂಆರ್‌ಐಗೆ ಒಗ್ಗುತ್ತವೆ, ನಿಜ. ಆದರೆ ಅದರ ಮಾದರಿ ಯಾವುದು, ತಂತಿ ಯಾವುದು, ಅದನ್ನು ಎಂಆರ್‌ಐ ಸ್ಥಿತಿಗೆ ಹೊಂದಿಸುವವರು ಯಾರು ಎಂದು ಹುಡುಕುವಷ್ಟರಲ್ಲಿ ಸಿಟಿಯೂ ಸಿಟಿ ಆಂಜಿಯೋಗ್ರಾಮೂ ಮುಗಿದು ಔಷಧಿ ಶುರುವಾಗಿರುತ್ತದೆ. ಲಕ್ಷಣ ಆರಂಭವಾದ ಹೊತ್ತು ಖಚಿತವಾಗಿ ಗೊತ್ತಿದ್ದು, ಮೂರು ನಾಲ್ಕು ಗಂಟೆಯೊಳಗೆ ಬಂದ, ಸ್ಪಷ್ಟ ಲಕ್ಷಣಗಳಿರುವ ರೋಗಿಗೂ ಸಿಟಿ ಸಾಕಾಗುತ್ತದೆ.

ಎಂಆರ್‌ಐ ನಿಜಕ್ಕೂ ಬೆಲೆ ಬಾಳುವ ಸಂದರ್ಭಗಳು ಬೇರೆ. ನಿದ್ದೆಯಿಂದ ಏಳುವಾಗಲೇ ಕೈಕಾಲು ಸ್ವಾಧೀನ ತಪ್ಪಿದವರು ಅವುಗಳಲ್ಲಿ ಮೊದಲಿಗರು. ಪಾರ್ಶ್ವವಾಯು ರೋಗಿಗಳಲ್ಲಿ ಸುಮಾರು ಐದರಲ್ಲೊಬ್ಬರು ಈ ಗುಂಪಿಗೆ ಸೇರುತ್ತಾರೆ. ರಾತ್ರಿ ಮಲಗಿದ ಹೊತ್ತನ್ನೇ ಆರಂಭವೆಂದು ಹಿಡಿದರೆ ಇವರಲ್ಲಿ ಬಹುತೇಕರು ನಾಲ್ಕೂವರೆ ಗಂಟೆಯ ಗಡಿ ದಾಟಿದವರಾಗುತ್ತಾರೆ, ಮತ್ತು ಹೆಪ್ಪು ಕರಗಿಸುವ ಔಷಧಿಯ ಅವಕಾಶ ಕಳೆದುಕೊಳ್ಳುತ್ತಾರೆ. ತಲೆಸುತ್ತು, ಎರಡೆರಡಾಗಿ ಕಾಣುವುದು, ನಡಿಗೆಯ ಓಲಾಟ ಮೊದಲಾದ, ಮೆದುಳಿನ ಹಿಂಭಾಗದ ರಕ್ತನಾಳಗಳ ಕಡೆ ಬೆರಳು ತೋರಿಸುವ ಲಕ್ಷಣಗಳಿದ್ದವರು ಇನ್ನೊಂದು ಗುಂಪು; ಮಿದುಳುಕಾಂಡದ ಸಣ್ಣ ಹಾನಿ ಸಿಟಿಯಲ್ಲಿ ಬಹುತೇಕ ಕಾಣುವುದೇ ಇಲ್ಲ. ಫಿಟ್ಸ್ ಬಂದ ಮೇಲಿನ ದೌರ್ಬಲ್ಯವೋ, ಮೈಗ್ರೇನ್‌ನ ಪರಿಣಾಮವೋ, ನಿಜವಾದ ಪಾರ್ಶ್ವವಾಯುವೋ ಎಂದು ತಿಳಿಯದವರು ಮೂರನೆಯವರು. ತಡವಾಗಿ ಬಂದಿದ್ದರೂ ದೊಡ್ಡ ರಕ್ತನಾಳದಿಂದ ಹೆಪ್ಪನ್ನು ಕ್ಯಾತಿಟರ್ (ನಾಳದೊಳಗೆ ತೂರಿಸುವ ತೆಳು ಕೊಳವೆ) ಮೂಲಕ ಹೊರತೆಗೆಯಲು ಸಾಧ್ಯವೇ ಎಂದು ನೋಡಬೇಕಾದವರೂ ಇದ್ದಾರೆ. ಈ ಪಟ್ಟಿಯನ್ನು ಲಿಖಿತವಾಗಿ ತುರ್ತು ವಿಭಾಗದ ಗೋಡೆಯ ಮೇಲೆ ಅಂಟಿಸಿಡುವುದು ಒಳ್ಳೆಯದು, ಏಕೆಂದರೆ ರೋಗಿ ಬಂದ ಮೇಲೆ "ಸಿಟಿಯೋ ಎಂಆರ್‌ಐಯೋ" ಎಂಬ ವಾದ ಹುಟ್ಟಿಕೊಂಡರೆ ಎರಡರ ಲಾಭವೂ ಕೈತಪ್ಪುತ್ತದೆ.

ಎರಡನೆಯ ಹಂತ: ರೋಗಿ ಬರುವ ಮೊದಲೇ ಮೇಜು ಖಾಲಿಯಿರಲಿ

ಆಂಬ್ಯುಲೆನ್ಸ್‌ನಿಂದ ಮುನ್ಸೂಚನೆ ಬಂದ ತಕ್ಷಣ ಎಂಆರ್‌ಐ ಕೊಠಡಿಗೂ ಕರೆ ಹೋಗಬೇಕು. ಆಗ ಒಳಗೆ ಮೊಣಕಾಲಿನದೋ ಬೆನ್ನಿನದೋ ಸ್ಕ್ಯಾನ್ ನಡೆಯುತ್ತಿದ್ದರೆ ಅದನ್ನು ಅರ್ಧಕ್ಕೆ ನಿಲ್ಲಿಸುವ ಅಧಿಕಾರ ಯಾರಿಗಿದೆ ಎಂಬುದು ಮೊದಲೇ ನಿರ್ಧಾರವಾಗಿರಬೇಕು. ನನ್ನ ಅಭಿಪ್ರಾಯದಲ್ಲಿ ಆ ಅಧಿಕಾರ ಕನ್ಸೋಲ್ (ಯಂತ್ರವನ್ನು ನಡೆಸುವ ಕಂಪ್ಯೂಟರ್) ಮುಂದೆ ಕುಳಿತ ತಂತ್ರಜ್ಞರಿಗೇ ಇರಬೇಕು. ಅವರು ಮೇಲಧಿಕಾರಿಯ ಅನುಮತಿಗಾಗಿ ಫೋನ್ ಹಿಡಿದು ಕಾಯುವಂತಾಗಬಾರದು. ನಡೆಯುತ್ತಿರುವ ಸೀಕ್ವೆನ್ಸ್, ಅಂದರೆ ಒಂದು ಬಗೆಯ ಚಿತ್ರ ತೆಗೆಯುವ ಸುತ್ತು, ಒಂದೆರಡು ನಿಮಿಷದಲ್ಲಿ ಮುಗಿಯುವಂತಿದ್ದರೆ ಅದನ್ನು ಮುಗಿಸಿಕೊಂಡು ರೋಗಿಯನ್ನು ಇಳಿಸಬಹುದು, ಉಳಿದದ್ದನ್ನು ಆಮೇಲೆ ಮುಂದುವರಿಸಬಹುದು.

ಕನ್ಸೋಲ್‌ನಲ್ಲಿ ಪಾರ್ಶ್ವವಾಯು ಪ್ರೋಟೋಕಾಲ್ ಪ್ರತ್ಯೇಕ ಹೆಸರಿನಲ್ಲಿ, ಪಟ್ಟಿಯ ಮೊದಲ ಸಾಲಿನಲ್ಲಿಯೇ ಇರಬೇಕು. ತಲೆಯ ಕಾಯಿಲ್ (ತಲೆಯ ಸುತ್ತ ಕೂರಿಸಿ ಸಂಕೇತ ಹಿಡಿಯುವ ಸಾಧನ) ಮೇಜಿನ ಮೇಲೆ ಜೋಡಿಸಿರಬೇಕು, ಇಂಜೆಕ್ಟರ್‌ನಲ್ಲಿ ಕಾಂಟ್ರಾಸ್ಟ್ (ರಕ್ತನಾಳಗಳು ಎದ್ದು ಕಾಣಲು ಕೊಡುವ ದ್ರವ) ಮತ್ತು ಸಲೈನ್ ತುಂಬಿರಬೇಕು. ಮೊಣಕೈ ಮಡಿಕೆಯ ದಪ್ಪ ರಕ್ತನಾಳಕ್ಕೆ 18 ಅಥವಾ 20 ಗೇಜಿನ ಕ್ಯಾನುಲಾವನ್ನು ತುರ್ತು ವಿಭಾಗದಲ್ಲೇ ಹಾಕಿರಬೇಕು. ಕೈಯ ಹಿಂಭಾಗದ ಸಣ್ಣ ರಕ್ತನಾಳಕ್ಕೆ ಹಾಕಿದ ತೆಳು ಕ್ಯಾನುಲಾ ಪರ್ಫ್ಯೂಷನ್ (ರಕ್ತಸಂಚಾರದ) ಚಿತ್ರಕ್ಕೆ ಬೇಕಾದ ವೇಗವನ್ನು ತಾಳುವುದಿಲ್ಲ. ಆ ಸಂಗತಿ ಗೊತ್ತಾಗುವುದು ಎಲ್ಲ ಮುಗಿದು ಕೊನೆಯ ಸೀಕ್ವೆನ್ಸ್‌ಗೆ ಬಂದಾಗ. ಸಾಧ್ಯವಿದ್ದರೆ ಎರಡು ಕ್ಯಾನುಲಾಗಳಿರಲಿ, ಒಂದು ಕಾಂಟ್ರಾಸ್ಟ್‌ಗೆ, ಇನ್ನೊಂದು ಔಷಧಿಗೆ.

ರಕ್ತದ ಸಕ್ಕರೆಯನ್ನು ಬೆರಳು ಚುಚ್ಚಿ ನೋಡಿದ ಮೇಲೆಯೇ ರೋಗಿ ಮುಂದೆ ಸಾಗಬೇಕು. ಸಕ್ಕರೆ ತೀರಾ ಇಳಿದಾಗ ಥೇಟ್ ಪಾರ್ಶ್ವವಾಯುವಿನಂತೆಯೇ ಕಾಣುತ್ತದೆ, ಮತ್ತು ಅದಕ್ಕೆ ಮದ್ದು ಯಂತ್ರದೊಳಗಿಲ್ಲ. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆಯ ಫಲಿತಾಂಶಕ್ಕಾಗಿ ಮಾತ್ರ ಕಾಯಬಾರದು. ಇಂದು ಬಳಕೆಯಲ್ಲಿರುವ ಸ್ಥಿರ ರಚನೆಯ ಗ್ಯಾಡೋಲಿನಿಯಂ ಕಾಂಟ್ರಾಸ್ಟ್ ಔಷಧಿಗಳಿಂದ ಮೂತ್ರಪಿಂಡ ರೋಗಿಗಳಿಗೂ ಆಗುವ ಅಪಾಯ ತೀರಾ ಕಡಿಮೆ.

ಮೂರನೆಯ ಹಂತ: ಮಾತಾಡಲಾಗದ ರೋಗಿಯ ಲೋಹ ತಪಾಸಣೆ

ಎಲ್ಲಕ್ಕಿಂತ ಹೆಚ್ಚು ಸಮಯ ತಿನ್ನುವುದೂ, ಅವಸರ ಮಾಡಲೇಬಾರದ್ದೂ ಇದೇ ಹಂತ. ಸಾಮಾನ್ಯ ರೋಗಿ ಎರಡು ಪುಟದ ಫಾರ್ಮ್ ತುಂಬಿ ಸಹಿ ಹಾಕುತ್ತಾರೆ. ಮಾತು ನಿಂತುಹೋದವರಿಗೆ, ಅಥವಾ ಎಡಭಾಗದ ಅರಿವೇ ಇಲ್ಲದವರಿಗೆ ಅದು ಸಾಧ್ಯವಿಲ್ಲ. ಆದ್ದರಿಂದ ಪ್ರಶ್ನೆಗಳನ್ನು ಜೊತೆಗೆ ಬಂದವರಿಗೆ, ಅದೂ ಆಂಬ್ಯುಲೆನ್ಸ್‌ನಲ್ಲಿರುವಾಗಲೇ ಫೋನಿನಲ್ಲಿ ಕೇಳಬೇಕು. ದೀರ್ಘ ಫಾರ್ಮ್ ಬದಿಗಿಟ್ಟು ಐದಾರು ನೇರ ಪ್ರಶ್ನೆಗಳಿಗೆ ಇಳಿಸಿಕೊಳ್ಳಬೇಕು: ಹೃದಯಕ್ಕೆ ಯಂತ್ರ ಹಾಕಿಸಿದ್ದಾರೆಯೇ, ತಲೆಗೆ ಎಂದಾದರೂ ಶಸ್ತ್ರಚಿಕಿತ್ಸೆಯಾಗಿದೆಯೇ, ಕಿವಿಯೊಳಗೆ ಕೇಳುವ ಸಾಧನ ಅಳವಡಿಸಿದ್ದಾರೆಯೇ, ಮೈಮೇಲೆ ಇನ್ಸುಲಿನ್ ಪಂಪ್ ಅಥವಾ ಗ್ಲೂಕೋಸ್ ಅಳೆಯುವ ಸಾಧನವಿದೆಯೇ, ವೆಲ್ಡಿಂಗ್ ಅಥವಾ ಲೇತ್ ಕೆಲಸ ಮಾಡುತ್ತಿದ್ದರೇ, ಕಣ್ಣಿಗೆ ಲೋಹದ ಚೂರು ಬಿದ್ದದ್ದುಂಟೇ. "ಏನಾದರೂ ಇಂಪ್ಲಾಂಟ್ ಇದೆಯಾ" ಎಂದು ಒಟ್ಟಾರೆಯಾಗಿ ಕೇಳಿದರೆ ಗಾಬರಿಯಲ್ಲಿರುವ ಮನೆಯವರು "ಇಲ್ಲ" ಎಂದೇ ಹೇಳುತ್ತಾರೆ. ಎದೆಯ ಮೇಲಿನ ಉಬ್ಬು ಅವರಿಗೆ ನೆನಪಾಗುವುದು ಹೃದಯದ ಯಂತ್ರ ಎಂಬ ಮಾತು ಕಿವಿಗೆ ಬಿದ್ದಾಗ.

ಉತ್ತರ ಏನೇ ಬರಲಿ, ಕೈಯಿಂದ ಮುಟ್ಟಿ ನೋಡುವುದನ್ನು ಬಿಡಬಾರದು. ಎಡ ಹಾಗೂ ಬಲ ಕೊರಳೆಲುಬಿನ ಕೆಳಗೆ, ಕಿವಿಯ ಹಿಂದೆ, ಹೊಟ್ಟೆಯ ಮೇಲೆ ಒಮ್ಮೆ ಕೈಯಾಡಿಸಿದರೆ ಅರ್ಧ ನಿಮಿಷದಲ್ಲಿ ಬಹಳಷ್ಟು ತಿಳಿಯುತ್ತದೆ. ತಲೆಯ ಮೇಲೆ ಹಳೆಯ ಹೊಲಿಗೆಯ ಗುರುತು ಕಂಡು, ಅದರ ಹಿನ್ನೆಲೆ ಯಾರಿಗೂ ಗೊತ್ತಿಲ್ಲದಿದ್ದರೆ, ಸಿಟಿಗೆ ತಿರುಗಿಸುವುದೇ ಸರಿ. ಉಬ್ಬಿದ ರಕ್ತನಾಳಕ್ಕೆ ಹಾಕುವ, ಹಳೆಯ ಕಾಲದ ಕೆಲವು ಅನ್ಯುರಿಸಂ ಕ್ಲಿಪ್‌ಗಳು ಕಾಂತಕ್ಷೇತ್ರದಲ್ಲಿ ಅಲುಗಾಡಬಲ್ಲವು.

ಬಟ್ಟೆ ಬದಲಿಸುವ ಕೆಲಸವನ್ನು ತುರ್ತು ವಿಭಾಗದಲ್ಲಿಯೇ ಮುಗಿಸಿಬಿಡಬೇಕು. ಜೇಬಿನ ಬೀಗದ ಕೈ, ನಾಣ್ಯ, ಕೂದಲಿನ ಪಿನ್ನು, ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು, ಕಿವಿಯ ಯಂತ್ರ ಇವು ಎಲ್ಲರಿಗೂ ಹೊಳೆಯುವಂಥವು. ಮರೆತುಹೋಗುವುದು ಬೇರೆಯೇ: ಆಂಬ್ಯುಲೆನ್ಸ್‌ನವರು ಎದೆಗೆ ಅಂಟಿಸಿದ ಇಸಿಜಿ ಸ್ಟಿಕ್ಕರ್‌ಗಳು, ಬೆನ್ನ ಹಿಂದೆ ಅಂಟಿಸಿದ ಔಷಧಿಯ ಪ್ಯಾಚ್, ಹೊದಿಕೆಯ ಕೆಳಗೆ ಉಳಿದ ಕತ್ತರಿ. ಸ್ಟಿಕ್ಕರ್‌ನ ಲೋಹದ ಗುಂಡಿಯೂ, ಕೆಲವು ಪ್ಯಾಚ್‌ಗಳ ಹಿಂಬದಿಯ ಲೋಹದ ಹಾಳೆಯೂ ಕಾಯ್ದು ಚರ್ಮ ಸುಡಬಲ್ಲವು. ಇವುಗಳ ಜಾಗಕ್ಕೆ ಎಂಆರ್‌ಐಗೆ ಒಗ್ಗುವ ಸ್ಟಿಕ್ಕರ್‌ಗಳನ್ನು ಹಾಕಬೇಕು.

ಆಮ್ಲಜನಕದ ಸಿಲಿಂಡರ್ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. 2001ರಲ್ಲಿ ಅಮೆರಿಕದ ಆಸ್ಪತ್ರೆಯೊಂದರಲ್ಲಿ ಸ್ಕ್ಯಾನ್ ಕೊಠಡಿಯೊಳಗೆ ತಂದ ಸಿಲಿಂಡರ್ ಕಾಂತದ ಸೆಳೆತಕ್ಕೆ ಹಾರಿ ಬಡಿದು, ಯಂತ್ರದೊಳಗಿದ್ದ ಆರು ವರ್ಷದ ಬಾಲಕನೊಬ್ಬ ಸತ್ತ. ಕಾಂತ ಯಾವಾಗಲೂ ಚಾಲನೆಯಲ್ಲಿರುತ್ತದೆ, ಸ್ಕ್ಯಾನ್ ನಡೆಯದಿದ್ದಾಗಲೂ. ತುರ್ತು ರೋಗಿಯ ಜೊತೆಗೆ ಐದಾರು ಜನ ನುಗ್ಗಿಬರುವುದು ರೂಢಿ, ಅವರಲ್ಲಿ ಅರ್ಧದಷ್ಟು ಜನ ಎಂಆರ್‌ಐ ಕೊಠಡಿಗೆ ಹೊಸಬರಾಗಿರುತ್ತಾರೆ. ಆದ್ದರಿಂದ ಕೊಠಡಿಯ ಹೊಸ್ತಿಲಿನಲ್ಲಿ ತಂತ್ರಜ್ಞರೇ ನಿಂತು, ಕಬ್ಬಿಣರಹಿತ ಸ್ಟ್ರೆಚರ್‌ಗೆ ರೋಗಿಯನ್ನು ಬದಲಿಸಿಕೊಂಡು, ಬೇಕಾದವರನ್ನಷ್ಟೇ ಒಳಗೆ ಬಿಡಬೇಕು. ಆ ಕ್ಷಣದಲ್ಲಿ ಅಲ್ಲಿ ಎಷ್ಟೇ ಹಿರಿಯ ವೈದ್ಯರಿದ್ದರೂ ಮಾತು ನಡೆಯಬೇಕಾದದ್ದು ತಂತ್ರಜ್ಞರದ್ದು.

ನಾಲ್ಕನೆಯ ಹಂತ: ತಲೆ ಅಲುಗದಂತೆ ಮಲಗಿಸುವುದು

ವೇಗದ ಸೀಕ್ವೆನ್ಸ್‌ಗಳ ಲಾಭವನ್ನೆಲ್ಲ ನುಂಗಿಹಾಕುವುದು ತಲೆಯ ಅಲುಗಾಟ. ಮೂರು ಸಲ ತೆಗೆದ ಒಂದು ನಿಮಿಷದ ಚಿತ್ರ ಮೂರು ನಿಮಿಷದ ಚಿತ್ರವೇ. ಕಿವಿಗೆ ಪ್ಲಗ್ ಹಾಕಿ, ತಲೆಯ ಎರಡೂ ಬದಿ ಮತ್ತು ಕತ್ತಿನ ಕೆಳಗೆ ಸ್ಪಂಜಿನ ಪ್ಯಾಡ್ ತುಂಬಿ, ಹಣೆಯ ಮೇಲೊಂದು ಪಟ್ಟಿ ಕಟ್ಟುವುದಕ್ಕೆ ಹಿಡಿಯುವ ಅರ್ಧ ನಿಮಿಷವನ್ನು ಉಳಿಸಲು ಹೋಗಬಾರದು. ಮಾತು ಅರ್ಥವಾಗದ ರೋಗಿಗೆ ಸೂಚನೆ ಕೊಟ್ಟು ಪ್ರಯೋಜನವಿಲ್ಲ. ಅವರ ಚೆನ್ನಾಗಿರುವ ಕೈಯನ್ನು ಹಿಡಿದು, ಯಂತ್ರದ ಕಡೆ ತೋರಿಸಿ, ಕಣ್ಣು ಮುಚ್ಚುವ ಸನ್ನೆ ಮಾಡಿದರೆ ಬಹಳಷ್ಟು ಮಂದಿ ಗ್ರಹಿಸುತ್ತಾರೆ. ಲೋಹವಿಲ್ಲವೆಂದು ಖಾತ್ರಿಯಾದ ಒಬ್ಬ ಸಂಬಂಧಿಕರು ಪಕ್ಕದಲ್ಲಿ ನಿಂತು ಕಾಲು ಮುಟ್ಟಿಕೊಂಡಿದ್ದರೆ ಗಾಬರಿ ಕಡಿಮೆಯಾಗುತ್ತದೆ.

ನಿದ್ದೆಯ ಮದ್ದು ಕೊಡಬೇಕೆನ್ನುವ ಸೆಳೆತವನ್ನು ತಡೆದುಕೊಳ್ಳಬೇಕು. ಅದರಿಂದ ಉಸಿರು ಕಟ್ಟುವ, ರಕ್ತದೊತ್ತಡ ಕುಸಿಯುವ, ನರಪರೀಕ್ಷೆ ಮಸುಕಾಗುವ ಅಪಾಯವಿದೆ. ರಕ್ತನಾಳ ಮುಚ್ಚಿರುವಾಗ ಒತ್ತಡ ಇಳಿಯುವುದೆಂದರೆ ಬದುಕಿ ಉಳಿದಿರುವ ಭಾಗಕ್ಕೂ ರಕ್ತ ತಪ್ಪಿಸಿದಂತೆ. ವಾಂತಿಯಾಗುತ್ತಿದ್ದರೆ ಅಥವಾ ಪ್ರಜ್ಞೆ ಮಂಕಾಗುತ್ತಿದ್ದರೆ ಸಿಟಿಗೆ ಹೋಗುವುದು, ಇಲ್ಲವೇ ಅರಿವಳಿಕೆ ತಜ್ಞರನ್ನು ಜೊತೆಗಿಟ್ಟುಕೊಳ್ಳುವುದು, ಇವೆರಡೇ ದಾರಿ.

ಐದನೆಯ ಹಂತ: ಎಲ್ಲಿ ನಿಲ್ಲಿಸಿದರೂ ಉತ್ತರ ಸಿಗುವಂಥ ಕ್ರಮ

ಸೀಕ್ವೆನ್ಸ್‌ಗಳನ್ನು ಆರಿಸುವಾಗ ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಹಾಕಬೇಕು: ಇದರ ಫಲಿತಾಂಶದಿಂದ ಮುಂದಿನ ಒಂದು ಗಂಟೆಯಲ್ಲಿ ಕೊಡುವ ಚಿಕಿತ್ಸೆ ಬದಲಾಗುತ್ತದೆಯೇ? ಇಲ್ಲವೆಂದಾದರೆ ಅದನ್ನು ಪಟ್ಟಿಯಿಂದ ಕೈಬಿಡಬೇಕು. ಮಾಮೂಲಿ ಪರೀಕ್ಷೆಯ ಟಿ1 ಚಿತ್ರ, ಮೂರು ದಿಕ್ಕಿನ ಟಿ2 ಚಿತ್ರಗಳು ಮರುದಿನಕ್ಕೆ ಕಾಯಬಲ್ಲವು. ಉಳಿದವುಗಳ ಕ್ರಮ ಹೇಗಿರಬೇಕೆಂದರೆ, ರೋಗಿ ಯಾವ ಕ್ಷಣದಲ್ಲಿ ಚಡಪಡಿಸಿ ಹೊರತೆಗೆಯಬೇಕಾಗಿ ಬಂದರೂ ಅಲ್ಲಿಯವರೆಗೆ ಸಿಕ್ಕಿದ್ದರಿಂದ ಒಂದು ತೀರ್ಮಾನಕ್ಕೆ ಬರಲು ಸಾಧ್ಯವಾಗಬೇಕು.

ತಲೆಯ ಸ್ಥಾನ ಗುರುತಿಸುವ, ಕೆಲವೇ ಸೆಕೆಂಡುಗಳ ಲೊಕಲೈಸರ್ ಚಿತ್ರ ಆದ ಕೂಡಲೇ ನೀರಿನ ಅಣುಗಳ ಓಡಾಟ ತೋರಿಸುವ ಡಿಫ್ಯೂಷನ್ ಚಿತ್ರ ತೆಗೆಯಬೇಕು. ರಕ್ತ ತಪ್ಪಿದ ಕೋಶ ಊದಿಕೊಂಡಾಗ ನೀರಿನ ಅಣುಗಳ ಓಡಾಟ ಕುಗ್ಗುತ್ತದೆ, ಆ ಭಾಗ ಬಿ-1000 ಎಂಬ ಡಿಫ್ಯೂಷನ್ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ, ಅಣುಗಳ ಓಡಾಟದ ಪ್ರಮಾಣ ತೋರಿಸುವ ಎಡಿಸಿ ನಕ್ಷೆಯಲ್ಲಿ ಕಪ್ಪಾಗಿ ಕಾಣುತ್ತದೆ. ಈ ಬದಲಾವಣೆ ನಿಮಿಷಗಳಲ್ಲೇ ಆರಂಭವಾಗುತ್ತದೆ. ಎರಡನ್ನೂ ಒಟ್ಟಿಗೆ ನೋಡಬೇಕು. ಹಳೆಯ ಹಾನಿಯೂ ಬಿ-1000 ಚಿತ್ರದಲ್ಲಿ ಬೆಳ್ಳಗಿರಬಹುದು, ಎಡಿಸಿಯಲ್ಲಿ ಕಪ್ಪಾಗಿರುವುದಿಲ್ಲ. ಒಂದು ನಿಮಿಷದ ಆಸುಪಾಸಿನ ಈ ಚಿತ್ರ ಹಾನಿ ಎಲ್ಲಿ, ಎಷ್ಟು ಎಂದು ಹೇಳಿಬಿಡುತ್ತದೆ.

ಎರಡನೆಯದು ರಕ್ತಸ್ರಾವ ಹುಡುಕುವ ಟಿ2-ಸ್ಟಾರ್ ಚಿತ್ರ. ಪೂರ್ಣ ಎಸ್‌ಡಬ್ಲ್ಯುಐ ಎಂಬ, ರಕ್ತದ ಗುರುತನ್ನು ಇನ್ನೂ ಸೂಕ್ಷ್ಮವಾಗಿ ತೋರಿಸುವ ಚಿತ್ರಕ್ಕೆ ಮೂರರಿಂದ ಐದು ನಿಮಿಷ ಬೇಕು, ಎಕೋ-ಪ್ಲೇನರ್ ಎಂಬ ವೇಗದ ವಿಧಾನದ ಟಿ2-ಸ್ಟಾರ್‌ಗೆ ಒಂದು ನಿಮಿಷ ಸಾಕು. ರಕ್ತಸ್ರಾವಕ್ಕೆ ಸಿಟಿಯೇ ಬೇಕೆಂಬ ನಂಬಿಕೆ ಇನ್ನೂ ಉಳಿದಿದೆ. ಆದರೆ ಮೆದುಳಿನೊಳಗಿನ ಹೊಸ ರಕ್ತಸ್ರಾವವನ್ನು ಗುರುತಿಸುವುದರಲ್ಲಿ ಈ ಚಿತ್ರ ಸಿಟಿಯಷ್ಟೇ ನಿಖರ ಎಂದು 2004ರಲ್ಲೇ ತೋರಿಸಲಾಗಿದೆ. ಹೆಪ್ಪು ಕೂತಿರುವ ರಕ್ತನಾಳ ಇದರಲ್ಲಿ ಕಪ್ಪು ಗೆರೆಯಾಗಿ ಉಬ್ಬಿ ಕಾಣುವುದುಂಟು, ಅದು ಬೋನಸ್. ಹಳೆಯ ಸಣ್ಣ ರಕ್ತಸ್ರಾವದ ಚುಕ್ಕೆಗಳು ಒಂದೆರಡು ಕಂಡರೆ ಗಾಬರಿಯಾಗಬೇಕಿಲ್ಲ. ಹತ್ತು ಮೀರಿದ್ದರೆ ಹೆಪ್ಪು ಕರಗಿಸುವ ಔಷಧಿಯ ಅಪಾಯವನ್ನು ಮತ್ತೊಮ್ಮೆ ತೂಗಿ ನೋಡಬೇಕು.

ಲಕ್ಷಣ ಆರಂಭವಾದ ಸಮಯ ಗೊತ್ತಿದ್ದು, ನಾಲ್ಕೂವರೆ ಗಂಟೆಯೊಳಗಿದ್ದರೆ, ಇಲ್ಲಿಯವರೆಗಿನ ಎರಡು ಚಿತ್ರಗಳೇ ಔಷಧಿ ಶುರುಮಾಡಲು ಸಾಕು. ಉಳಿದ ಚಿತ್ರಗಳಿಗಾಗಿ ಸಿರಿಂಜ್ ಕೈಯಲ್ಲಿ ಹಿಡಿದು ನಿಲ್ಲುವ ಅಗತ್ಯವಿಲ್ಲ. ರಕ್ತದೊತ್ತಡ 185/110 ಮೀರದಂತಿರಬೇಕು; ಇತರ ನಿಷೇಧಗಳು ಇಲ್ಲವೆಂದು ವೈದ್ಯರು ಖಚಿತಪಡಿಸಿಕೊಂಡಿರಬೇಕು. ಮೇಜನ್ನು ಹೊರಗೆಳೆದು ಔಷಧಿಯ ಮೊದಲ ಭಾಗ ಕೊಟ್ಟು ಮತ್ತೆ ಒಳಗೆ ತಳ್ಳಲು ಒಂದೆರಡು ನಿಮಿಷ ಹಿಡಿಯುತ್ತದೆ. ಎಂಆರ್‌ಐಗೆ ಒಗ್ಗದ ಇನ್‌ಫ್ಯೂಷನ್ ಪಂಪನ್ನು ಮಾತ್ರ ಹೊರಗಿಟ್ಟು ಉದ್ದನೆಯ ಟ್ಯೂಬ್ ಬಳಸಬೇಕು.

ಮೂರನೆಯದು ಫ್ಲೇರ್, ಅಂದರೆ ಮೆದುಳಿನ ಸುತ್ತಲಿನ ದ್ರವದ ಹೊಳಪನ್ನು ಅಡಗಿಸಿ ತೆಗೆಯುವ ಚಿತ್ರ. ಎದ್ದಾಗಲೇ ಲಕ್ಷಣ ಕಂಡವರಿಗೆ ಇದೇ ಗಡಿಯಾರ. ಹಾನಿಯಾದ ಭಾಗ ಡಿಫ್ಯೂಷನ್‌ನಲ್ಲಿ ತಕ್ಷಣ ಕಂಡರೂ ಫ್ಲೇರ್‌ನಲ್ಲಿ ಬೆಳ್ಳಗಾಗಲು ಕೆಲವು ಗಂಟೆ ಬೇಕು. ಆದ್ದರಿಂದ ಡಿಫ್ಯೂಷನ್‌ನಲ್ಲಿ ಕಂಡದ್ದು ಫ್ಲೇರ್‌ನಲ್ಲಿ ಸ್ಪಷ್ಟವಾಗಿ ಕಾಣದಿದ್ದರೆ ಘಟನೆ ಬಹುಶಃ ನಾಲ್ಕೂವರೆ ಗಂಟೆಯೊಳಗಿನದು. ಈ ತರ್ಕವನ್ನೇ ನೆಚ್ಚಿಕೊಂಡ ವೇಕ್-ಅಪ್ ಅಧ್ಯಯನದ ಫಲಿತಾಂಶ 2018ರಲ್ಲಿ ಬಂತು: 503 ರೋಗಿಗಳಲ್ಲಿ, ಔಷಧಿ ಪಡೆದವರ ಪೈಕಿ ಶೇ 53.3 ಮಂದಿ ಮೂರು ತಿಂಗಳ ಹೊತ್ತಿಗೆ ಬಹುತೇಕ ಸಂಪೂರ್ಣ ಚೇತರಿಸಿಕೊಂಡಿದ್ದರು, ಪಡೆಯದವರಲ್ಲಿ ಆ ಪ್ರಮಾಣ ಶೇ 41.8. ಔಷಧಿ ಪಡೆದವರಲ್ಲಿ ಮೆದುಳಿನ ರಕ್ತಸ್ರಾವ ತುಸು ಹೆಚ್ಚಿತ್ತೆಂಬುದನ್ನೂ ಮರೆಯಬಾರದು. ಫ್ಲೇರ್ ಚಿತ್ರವನ್ನು ಕಾಂಟ್ರಾಸ್ಟ್ ಕೊಡುವ ಮೊದಲೇ ತೆಗೆಯಬೇಕು, ಕಾಂಟ್ರಾಸ್ಟ್ ಸೋರಿ ಮೆದುಳಿನ ಮಡಿಕೆಗಳು ಬೆಳ್ಳಗಾದರೆ ಚಿತ್ರ ಓದಲು ಬರುವುದಿಲ್ಲ. ರೋಗಿಗೆ ಹೆಚ್ಚು ಸಾಂದ್ರತೆಯ ಆಮ್ಲಜನಕ ಹೋಗುತ್ತಿದ್ದರೂ ಮಡಿಕೆಗಳ ದ್ರವ ಬೆಳ್ಳಗೆ ಕಾಣುವುದುಂಟು. ಅದನ್ನು ಮೆದುಳಿನ ಪೊರೆಯಡಿಯ ರಕ್ತಸ್ರಾವವೆಂದು ತಪ್ಪಾಗಿ ಓದಿದರೆ ಔಷಧಿಯೇ ತಪ್ಪಿಹೋಗುತ್ತದೆ.

ನಾಲ್ಕನೆಯದು ರಕ್ತನಾಳಗಳ ಚಿತ್ರ. ಕಾಂಟ್ರಾಸ್ಟ್ ಇಲ್ಲದ ಟೈಮ್-ಆಫ್-ಫ್ಲೈಟ್ ವಿಧಾನ ತಲೆಯೊಳಗಿನ ನಾಳಗಳನ್ನು ತೋರಿಸುತ್ತದೆ, ಆದರೆ ಅದಕ್ಕೆ ಮೂರು ನಾಲ್ಕು ನಿಮಿಷ ಬೇಕು, ಮತ್ತು ನಿಧಾನವಾಗಿ ಹರಿಯುವ ರಕ್ತವನ್ನು ಮುಚ್ಚಿಹೋದ ನಾಳವೆಂದು ತೋರಿಸುವ ಚಾಳಿ ಅದಕ್ಕಿದೆ. ಕಾಂಟ್ರಾಸ್ಟ್ ಸಹಿತ ಆಂಜಿಯೋಗ್ರಾಮ್ ಅರ್ಧ ನಿಮಿಷದೊಳಗೆ ಎದೆಯ ಮಹಾಪಧಮನಿಯ ಕಮಾನಿನಿಂದ ನೆತ್ತಿಯವರೆಗೆ ತೋರಿಸುತ್ತದೆ. ಕ್ಯಾತಿಟರ್ ಹಾಕಲಿರುವವರಿಗೆ ಕತ್ತಿನ ನಾಳಗಳ ಅಂಕುಡೊಂಕು ಮೊದಲೇ ಗೊತ್ತಿರುವುದು ದೊಡ್ಡ ಅನುಕೂಲ. ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ.

ಕೊನೆಯದು ಪರ್ಫ್ಯೂಷನ್, ಅಂದರೆ ಮೆದುಳಿನ ಯಾವ ಭಾಗಕ್ಕೆ ರಕ್ತ ತಡವಾಗಿ ತಲುಪುತ್ತಿದೆ ಎಂಬುದರ ನಕ್ಷೆ. ಎಲ್ಲರಿಗೂ ಇದು ಬೇಕಿಲ್ಲ. ಆರು ಗಂಟೆ ದಾಟಿ ಬಂದವರಲ್ಲಿ ದೊಡ್ಡ ನಾಳ ಮುಚ್ಚಿರುವುದು ಕಂಡುಬಂದಾಗ ಇದಕ್ಕೆ ಅರ್ಥವಿದೆ. ಗ್ಯಾಡೋಲಿನಿಯಂ ಅನ್ನು ಸೆಕೆಂಡಿಗೆ 4ರಿಂದ 5 ಮಿಲಿಲೀಟರ್ ವೇಗದಲ್ಲಿ ಕೊಟ್ಟು, ಅದೇ ವೇಗದಲ್ಲಿ ಸಲೈನ್ ಹಾಯಿಸಿ, ಸುಮಾರು ಒಂದೂವರೆ ಸೆಕೆಂಡಿಗೊಮ್ಮೆ ಇಡೀ ಮೆದುಳಿನ ಚಿತ್ರವನ್ನು ಒಂದರಿಂದ ಒಂದೂವರೆ ನಿಮಿಷ ಪುನಃಪುನಃ ತೆಗೆಯಲಾಗುತ್ತದೆ. ಕಾಂಟ್ರಾಸ್ಟ್ ಬರುವ ಮುನ್ನ ಹತ್ತು ಹನ್ನೆರಡು ಸೆಕೆಂಡಿನ ಖಾಲಿ ಚಿತ್ರಗಳು ಇರಲೇಬೇಕು, ಇಲ್ಲದಿದ್ದರೆ ಲೆಕ್ಕಕ್ಕೆ ತಳಹದಿಯೇ ಸಿಗುವುದಿಲ್ಲ. ಒಂದೇ ಡೋಸನ್ನು ಎರಡು ಪಾಲು ಮಾಡಿ ಆಂಜಿಯೋಗ್ರಾಮ್‌ಗೂ ಇದಕ್ಕೂ ಬಳಸಿಕೊಳ್ಳಬಹುದು.

ಆರನೆಯ ಹಂತ: ಯಂತ್ರದ ವೇಗ ಹೆಚ್ಚಿಸುವ ಉಪಾಯಗಳು, ಅವುಗಳ ಬೆಲೆ

ಈ ಚಿತ್ರಗಳಲ್ಲಿ ಹೆಚ್ಚಿನವುಗಳ ವೇಗದ ಬೇರು 1977ರಲ್ಲಿ ಪೀಟರ್ ಮ್ಯಾನ್ಸ್‌ಫೀಲ್ಡ್ ಸೂಚಿಸಿದ ಎಕೋ-ಪ್ಲೇನರ್ ವಿಧಾನದಲ್ಲಿದೆ. ಸಾಲು ಸಾಲಾಗಿ ಸಂಕೇತ ಸಂಗ್ರಹಿಸುವ ಬದಲು ಒಂದೇ ಹೊಡೆತಕ್ಕೆ ಇಡೀ ಪದರದ ಸಂಕೇತವನ್ನು ಬಾಚಿಕೊಳ್ಳುವ ತಂತ್ರವದು. ಮುಂದೆ ಬಂದ ಸೆನ್ಸ್ (1999), ಗ್ರಾಪ್ಪಾ (2002) ಮೊದಲಾದ ಪ್ಯಾರಲಲ್ ಇಮೇಜಿಂಗ್ ವಿಧಾನಗಳು ಕಾಯಿಲ್‌ನ ಹಲವು ಅಂಗಗಳ ನೆರವಿನಿಂದ ಕಡಿಮೆ ಸಂಕೇತದಲ್ಲೇ ಪೂರ್ಣ ಚಿತ್ರ ಕಟ್ಟುತ್ತವೆ. ಒಂದೇ ಸಲಕ್ಕೆ ಎರಡು ಮೂರು ಪದರಗಳನ್ನು ತೆಗೆಯುವ ವಿಧಾನವೂ ಈಗ ಸಾಮಾನ್ಯವಾಗಿದೆ. ಸ್ವೀಡನ್ನಿನ ಸಂಶೋಧಕರು 2018ರಲ್ಲಿ ತೋರಿಸಿದ ಎಪಿಐ-ಮಿಕ್ಸ್ ಆರು ಬಗೆಯ ಚಿತ್ರಗಳನ್ನು ಒಂದು ನಿಮಿಷಕ್ಕಿಂತ ತುಸು ಹೆಚ್ಚು ಅವಧಿಯಲ್ಲಿ ಕೊಡುತ್ತದೆ.

ಬೆಲೆ ತೆರದೆ ವೇಗ ಬರುವುದಿಲ್ಲ. ಎಕೋ-ಪ್ಲೇನರ್ ಚಿತ್ರದಲ್ಲಿ ಗಾಳಿಯೂ ಮೂಳೆಯೂ ಕೂಡುವ ಕಡೆ, ಅಂದರೆ ಮೂಗಿನ ಮೇಲ್ಭಾಗ, ಕಿವಿಯ ಪಕ್ಕ, ತಲೆಬುರುಡೆಯ ತಳದಲ್ಲಿ ಆಕಾರ ಹಿಗ್ಗಾಮುಗ್ಗಾ ಆಗುತ್ತದೆ. ಮಿದುಳುಕಾಂಡ ಇರುವುದು ಅಲ್ಲಿಯೇ, ಮತ್ತು 3 ಟೆಸ್ಲಾ (ಟೆಸ್ಲಾ ಕಾಂತದ ಬಲದ ಅಳತೆ) ಯಂತ್ರದಲ್ಲಿ ಈ ತೊಂದರೆ 1.5 ಟೆಸ್ಲಾಕ್ಕಿಂತ ಹೆಚ್ಚು. ಪ್ಯಾರಲಲ್ ಇಮೇಜಿಂಗ್‌ನ ಅಂಶವನ್ನು ಎರಡರಿಂದ ಮೂರಕ್ಕೆ ಏರಿಸಿದರೆ ಈ ವಿರೂಪ ಕಡಿಮೆಯಾಗುತ್ತದೆ, ಆದರೆ ಮೆದುಳಿನ ನಡುಭಾಗದಲ್ಲಿ ಕಾಳು ಕಾಳಾದ ಗದ್ದಲ ಹೆಚ್ಚುತ್ತದೆ. ಕೃತಕ ಬುದ್ಧಿಮತ್ತೆ ಬಳಸುವ ಡೀಪ್ ಲರ್ನಿಂಗ್ ಮರುರಚನೆ ಆ ಗದ್ದಲವನ್ನು ಅಳಿಸುತ್ತದೆ; ಅಳಿಸುವಾಗ ಮಿದುಳುಕಾಂಡದ ಮೂರು ಮಿಲಿಮೀಟರ್ ಚುಕ್ಕೆಯನ್ನೂ ಅಳಿಸುತ್ತಿಲ್ಲವೆಂದು ಖಚಿತಪಡಿಸಿಕೊಳ್ಳುವ ಹೊಣೆ ಬಳಸುವವರದ್ದು. ಹೊಸ ಸೀಕ್ವೆನ್ಸ್ ಒಪ್ಪಿಕೊಳ್ಳುವ ಮೊದಲು, ತುರ್ತಲ್ಲದ ರೋಗಿಗಳಲ್ಲಿ ಹಳೆಯದನ್ನೂ ಹೊಸದನ್ನೂ ಬೆನ್ನಿಗೆ ಬೆನ್ನು ತೆಗೆದು, ಯಾವುದು ಯಾವುದೆಂದು ತಿಳಿಸದೆ ರೇಡಿಯಾಲಜಿಸ್ಟರಿಗೆ ಓದಲು ಕೊಡಬೇಕು. ಯಂತ್ರ ಮಾರುವವರು ತೋರಿಸುವ ಚಿತ್ರಗಳಲ್ಲಿ ತಲೆ ಅಲುಗಿದ ರೋಗಿ ಇರುವುದೇ ಇಲ್ಲ.

ಏಳನೆಯ ಹಂತ: ಕನ್ಸೋಲ್ ಮುಂದೆಯೇ ಓದುವುದು

ಚಿತ್ರಗಳು ಸರ್ವರ್‌ಗೆ ಹೋಗಿ, ಅಲ್ಲಿಂದ ಇನ್ನೊಂದು ಕೊಠಡಿಯ ಪರದೆಯಲ್ಲಿ ತೆರೆದುಕೊಳ್ಳುವವರೆಗೆ ಕಾಯುವುದು ಅನಗತ್ಯ. ಚಿಕಿತ್ಸೆ ನೀಡುವ ವೈದ್ಯರು ತಂತ್ರಜ್ಞರ ಹೆಗಲ ಹಿಂದೆ ನಿಂತಿದ್ದರೆ ಡಿಫ್ಯೂಷನ್ ಮುಗಿದ ಕೂಡಲೇ ಅರ್ಧ ತೀರ್ಮಾನವಾಗುತ್ತದೆ, ಮತ್ತು ಮುಂದಿನ ಯಾವ ಸೀಕ್ವೆನ್ಸ್ ಬೇಡವೆಂಬುದೂ ಅಲ್ಲೇ ನಿರ್ಧಾರವಾಗುತ್ತದೆ. ದೊಡ್ಡ ರಕ್ತಸ್ರಾವ ಕಂಡರೆ ಪರ್ಫ್ಯೂಷನ್ ಏಕೆ?

ಸ್ವಯಂಚಾಲಿತ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ಎಡಿಸಿ 620ಕ್ಕಿಂತ (×10⁻⁶ ಚದರ ಮಿಮೀ/ಸೆಕೆಂಡ್) ಕಡಿಮೆಯಿರುವ ಭಾಗವನ್ನು ಸತ್ತ ಭಾಗವೆಂದೂ, ಟಿ-ಮ್ಯಾಕ್ಸ್ (ರಕ್ತ ತಲುಪುವಲ್ಲಿನ ತಡ) 6 ಸೆಕೆಂಡ್ ಮೀರಿದ ಭಾಗವನ್ನು ಅಪಾಯದಲ್ಲಿರುವ ಭಾಗವೆಂದೂ ಬಣ್ಣ ಹಚ್ಚಿ ತೋರಿಸುತ್ತವೆ. 2018ರ ಡಿಫ್ಯೂಸ್-3 ಅಧ್ಯಯನ 6ರಿಂದ 16 ಗಂಟೆಯೊಳಗಿನ ರೋಗಿಗಳನ್ನು ಆರಿಸಿದ್ದು ಇದೇ ಲೆಕ್ಕದ ಮೇಲೆ: ಸತ್ತ ಭಾಗ 70 ಮಿಲಿಲೀಟರ್‌ಗಿಂತ ಕಡಿಮೆ, ಎರಡರ ಅನುಪಾತ ಕನಿಷ್ಠ 1.8, ವ್ಯತ್ಯಾಸ ಕನಿಷ್ಠ 15 ಮಿಲಿಲೀಟರ್. ಈ ಗೆರೆಗಳು ಕಲ್ಲಿನಲ್ಲಿ ಕೆತ್ತಿದವಲ್ಲ. ಬಹುಪಾಲು ಎಂಆರ್‌ಐ ಮೇಲೆಯೇ ಆಯ್ಕೆ ನಡೆಸಿದ ಜಪಾನಿನ ರೆಸ್ಕ್ಯೂ-ಜಪಾನ್ ಲಿಮಿಟ್ ಅಧ್ಯಯನ, ದೊಡ್ಡ ಹಾನಿಯಿರುವವರಿಗೂ ಹೆಪ್ಪು ತೆಗೆಯುವುದರಿಂದ ಉಪಯೋಗವಿದೆಯೆಂದು 2022ರಲ್ಲಿ ತೋರಿಸಿತು. ಬಣ್ಣದ ನಕ್ಷೆಯನ್ನು ನಂಬುವ ಮೊದಲು ಅದರ ಹಿಂದಿನ ರೇಖೆಯನ್ನು, ಅಂದರೆ ಕಾಂಟ್ರಾಸ್ಟ್ ಹಾದುಹೋಗುವಾಗ ಸಂಕೇತ ಏರಿಳಿದ ಬಗೆಯನ್ನು, ತೆರೆದು ನೋಡಬೇಕು. ಅಪಧಮನಿಯ ರೇಖೆ ಚೂಪಾಗಿ ಕೆಳಗಿಳಿದು ಮತ್ತೆ ಏರಿದ್ದರೆ ಸರಿ. ಮೊಂಡಾಗಿ ಹರಡಿಕೊಂಡಿದ್ದರೆ ಇಂಜೆಕ್ಷನ್ ನಿಧಾನವಾಗಿದೆ, ಅಥವಾ ರೋಗಿಯ ಹೃದಯ ದುರ್ಬಲವಾಗಿದೆ, ಇಲ್ಲವೇ ಕತ್ತಿನ ನಾಳ ಮೊದಲೇ ಕಿರಿದಾಗಿದೆ ಎಂದರ್ಥ.

ಡಿಫ್ಯೂಷನ್ ಚಿತ್ರ ಸ್ವಚ್ಛವಾಗಿದೆ ಎಂದ ಮಾತ್ರಕ್ಕೆ ರೋಗಿಯನ್ನು ಮನೆಗೆ ಕಳುಹಿಸುವಂತಿಲ್ಲ. ನಿಜವಾದ ಪಾರ್ಶ್ವವಾಯುವಿನಲ್ಲಿಯೂ ನೂರಕ್ಕೆ ಸುಮಾರು ಏಳು ಮಂದಿಯಲ್ಲಿ ಮೊದಲ ಡಿಫ್ಯೂಷನ್ ಚಿತ್ರ ಏನನ್ನೂ ತೋರಿಸುವುದಿಲ್ಲ. ಮೆದುಳಿನ ಹಿಂಭಾಗದ ನಾಳಗಳ ತೊಂದರೆಯಲ್ಲಿ ಈ ಸಾಧ್ಯತೆ ಹಲವು ಪಟ್ಟು ಹೆಚ್ಚು. ಲಕ್ಷಣಗಳು ಬಲವಾಗಿದ್ದರೆ ಮಿದುಳುಕಾಂಡಕ್ಕೆ ತೆಳುಪದರದ, ನಿಲುವು ದಿಕ್ಕಿನ ಡಿಫ್ಯೂಷನ್ ಚಿತ್ರವೊಂದನ್ನು ಸೇರಿಸುವುದು ಒಂದು ನಿಮಿಷದ ಖರ್ಚು.

ಎಂಟನೆಯ ಹಂತ: ಒಳಗೆ ಸ್ಥಿತಿ ಕೆಟ್ಟರೆ

ರೋಗಿಯ ಉಸಿರು ಅಥವಾ ನಾಡಿ ನಿಂತರೆ ಮೇಜನ್ನು ಬಿಡಿಸಿಕೊಂಡು ಕಾಂತದ ಕೊಠಡಿಯಿಂದ ಹೊರಗೆ ತಂದು, ಬಾಗಿಲು ಮುಚ್ಚಿ, ಆಮೇಲೆ ಪುನಶ್ಚೇತನ ಮುಂದುವರಿಸಬೇಕು. ಹೊರತರುವವರೆಗೆ ಎದೆ ಒತ್ತುವುದು ನಡೆದಿರಲಿ. ಡಿಫಿಬ್ರಿಲೇಟರ್ ಒಳಗೆ ತರಬಾರದು. ಕಾಂತವನ್ನು ಆರಿಸುವ ಕ್ವೆಂಚ್ ಗುಂಡಿ ಇದಕ್ಕಲ್ಲ: ಕ್ಷೇತ್ರ ಇಳಿಯಲು ಒಂದು ನಿಮಿಷಕ್ಕೂ ಹೆಚ್ಚು ಬೇಕು, ಹೀಲಿಯಂ ಕೊಠಡಿಗೆ ಸೋರಿದರೆ ಉಸಿರಾಡಲು ಗಾಳಿಯೇ ಇರುವುದಿಲ್ಲ.

ಒಂಬತ್ತನೆಯ ಹಂತ: ಗಡಿಯಾರವನ್ನು ಎಲ್ಲಿ ಇಡಬೇಕು

"ನಮ್ಮ ಸ್ಕ್ಯಾನ್ ಎಂಟು ನಿಮಿಷ" ಎಂಬ ಹೇಳಿಕೆಯಿಂದ ರೋಗಿಗೆ ಆಗುವ ಪ್ರಯೋಜನವೇನೆಂದು ತಿಳಿಯುವುದಿಲ್ಲ. ಬರೆದಿಡಬೇಕಾದ ಹೊತ್ತುಗಳು ಐದು: ಬಾಗಿಲಿಗೆ ಬಂದದ್ದು, ಎಂಆರ್‌ಐ ಹೊಸ್ತಿಲು ತಲುಪಿದ್ದು, ಮೊದಲ ಸೀಕ್ವೆನ್ಸ್ ಆರಂಭ, ಕೊನೆಯ ಸೀಕ್ವೆನ್ಸ್ ಮುಕ್ತಾಯ, ಔಷಧಿ ಕೊಟ್ಟದ್ದು. ಇವುಗಳಲ್ಲಿ ಮೂರನೆಯದನ್ನೂ ನಾಲ್ಕನೆಯದನ್ನೂ ಯಂತ್ರವೇ ಬರೆದಿಡುತ್ತದೆ, ಉಳಿದವಕ್ಕೆ ಕನ್ಸೋಲ್ ಪಕ್ಕದಲ್ಲಿ ಒಂದು ಹಾಳೆ ಸಾಕು. ಕೈಗಡಿಯಾರ, ಗೋಡೆಯ ಗಡಿಯಾರ ಮತ್ತು ಯಂತ್ರದ ಗಡಿಯಾರ ಮೂರನ್ನೂ ಒಂದೇ ಹೊತ್ತಿಗೆ ಹೊಂದಿಸಿರಬೇಕು. ಬಾಗಿಲಿನಿಂದ ಔಷಧಿಯವರೆಗೆ 60 ನಿಮಿಷ ಎಂಬುದು ಹಳೆಯ ಗುರಿ. ಚೆನ್ನಾಗಿ ನಡೆಯುವ ಕೇಂದ್ರಗಳು ಈಗ 30 ನಿಮಿಷದ ಮಾತಾಡುತ್ತವೆ.

ತಿಂಗಳಿಗೊಮ್ಮೆ ಈ ಹಾಳೆಗಳನ್ನು ತೆಗೆದು, ಸರಾಸರಿಯ ಬದಲು ಮಧ್ಯಮ ಬೆಲೆಯನ್ನು (ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿಯನ್ನು) ನೋಡಬೇಕು, ಏಕೆಂದರೆ ಪೇಸ್‌ಮೇಕರ್ ವಿವರಕ್ಕಾಗಿ ಎರಡು ಗಂಟೆ ಕಾದ ಒಬ್ಬ ರೋಗಿ ಸರಾಸರಿಯನ್ನು ಕೆಡಿಸುತ್ತಾನೆ. ಆ ಒಬ್ಬ ರೋಗಿಯ ಹಾಳೆಯನ್ನು ಬೇರೆಯಾಗಿಟ್ಟು ಎಲ್ಲರೂ ಕೂತು ಓದಬೇಕು. ಹಗಲು ಮತ್ತು ರಾತ್ರಿಯ ಅಂಕಿಗಳನ್ನು ಬೇರೆ ಬೇರೆ ಇಡಬೇಕು. ಹಗಲಿನಲ್ಲಿ ಕೆಲಸ ಮಾಡುವ ಕ್ರಮ ರಾತ್ರಿ ಒಬ್ಬನೇ ತಂತ್ರಜ್ಞನಿರುವಾಗ ಮುರಿದು ಬೀಳುವುದು ಸಾಮಾನ್ಯ. ಇದಕ್ಕಾಗಿ ಎರಡು ಮೂರು ತಿಂಗಳಿಗೊಮ್ಮೆ ಮುನ್ಸೂಚನೆ ಕೊಡದೆ ರಾತ್ರಿ ಪಾಳಿಯಲ್ಲಿಯೇ ಅಣಕು ಕರೆ ಮಾಡಿ, ಸಹೋದ್ಯೋಗಿಯೊಬ್ಬರನ್ನು ರೋಗಿಯಂತೆ ಸ್ಟ್ರೆಚರ್‌ನಲ್ಲಿ ತಂದು, ಫೋನ್ ಎತ್ತಿದಲ್ಲಿಂದ ಕಾಯಿಲ್ ಮುಚ್ಚುವವರೆಗೆ ಅಭ್ಯಾಸ ಮಾಡಿಸಬೇಕು. ಅವರ ಜೇಬಿನಲ್ಲಿ ಬೇಕೆಂದೇ ಒಂದು ಪ್ಲಾಸ್ಟಿಕ್ ಬೀಗದ ಕೈ ಇಟ್ಟು ಕಳುಹಿಸಿದರೆ, ತಪಾಸಣೆ ನಿಜವಾಗಿ ನಡೆಯುತ್ತಿದೆಯೋ ಇಲ್ಲವೋ ಎಂಬುದೂ ಅದೇ ಅಭ್ಯಾಸದಲ್ಲಿ ತಿಳಿಯುತ್ತದೆ.